ಬೀಗ ಬಿದ್ದ ಭಂಡಾರ

(ಕಾರ್ಮಿಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಸಾರ)



ಮುಷ್ಕರ ಮುಗಿದ ಮೇಲೆ ಮಾಲೀಕರು ಮುಂದಿಡುವ ಕಾಗದ ನಿಮಗೆ ಗೊತ್ತು. 'ತಪ್ಪಾಯಿತೆಂದು ಬರೆದುಕೊಡು, ಒಳಗೆ ಬಾ. ಇಲ್ಲವಾದರೆ ಹೊರಗೇ ನಿಲ್ಲು.' ಇಂಥದೇ ಒಂದು ಕಾಗದವನ್ನು ಅಮೆರಿಕದ ಸರ್ಕಾರ ಆರನ್ ಸ್ವಾರ್ಟ್ಜ್ ಎಂಬ ತರುಣನ ಮುಂದಿಟ್ಟಿತು.

ಈತ 1986ರಲ್ಲಿ ಹುಟ್ಟಿದವನು. ಹದಿನಾಲ್ಕರ ಹರೆಯಕ್ಕೇ ಕಂಪ್ಯೂಟರ್ ವಿದ್ಯೆಯಲ್ಲಿ ಪಳಗಿದ್ದ. ಆ ವಿದ್ಯೆಯಿಂದ ಹಣವೂ ಬಂತು. ಆದರೆ ಅವನ ಹಂಬಲವೇ ಬೇರೆ. ಅಲ್ಲಿನ ಫೆಡರಲ್ ನ್ಯಾಯಾಲಯಗಳ ದಾಖಲೆ ನೋಡಲು ಆಗ ಪುಟಕ್ಕೆ 8 ಸೆಂಟು ತೆರಬೇಕಿತ್ತು. ಪ್ರಜೆಗಳ ನ್ಯಾಯಾಲಯ, ಪ್ರಜೆಗಳಿಂದಲೇ ಸುಂಕ! 2008ರಲ್ಲಿ ಸುಮಾರು 27 ಲಕ್ಷ ದಾಖಲೆಗಳನ್ನು ಇಳಿಸಿಕೊಂಡು ಜನರ ಕೈಗಿತ್ತ. ಪೊಲೀಸರು ವಿಚಾರಿಸಿದರು, ಮೊಕದ್ದಮೆ ಹೂಡಲಿಲ್ಲ.

ಬಳಿಕ ವಿದ್ವಾಂಸರ ಲೇಖನಗಳ ಸರದಿ. ಬರೆದವನಿಗೆ ಸಂಭಾವನೆಯಿಲ್ಲ, ಎಷ್ಟೋ ಸಂಶೋಧನೆಗೆ ಖರ್ಚು ತೆರಿಗೆಯ ಹಣದ್ದು, ಓದಬೇಕೆಂದರೆ ಮಾತ್ರ ದುಡ್ಡು ಕೊಡಬೇಕು. 2010-11ರಲ್ಲಿ ಎಂ.ಐ.ಟಿ. ವಿದ್ಯಾಲಯದ ಜಾಲದ ಮೂಲಕ ಜೆಸ್ಟೋರ್ ಎಂಬ ಭಂಡಾರದಿಂದ ಲಕ್ಷ ಲಕ್ಷ ಲೇಖನಗಳನ್ನು ಆತ ಇಳಿಸಿಕೊಂಡ. ತಡೆದಾಗ ಯಂತ್ರದ ಗುರುತು ಬದಲಿಸಿದ, ತಂತಿಗಳ ಕೋಣೆಯಲ್ಲಿ ಯಂತ್ರ ಬಚ್ಚಿಟ್ಟ. ನಿಯಮ ಮುರಿದದ್ದು ನಿಜ. ಮಾರಿ ಲಾಭ ಹೊಡೆದನೆಂದು ಮಾತ್ರ ಯಾರೂ ಹೇಳಲಿಲ್ಲ.

ಪ್ರತಿಗಳನ್ನು ಒಪ್ಪಿಸಿಕೊಂಡ ಜೆಸ್ಟೋರ್, ತನ್ನ ಜಗಳ ಮುಗಿಯಿತೆಂದಿತು. ಸರ್ಕಾರ ಬಿಡಲಿಲ್ಲ. 35 ವರ್ಷ ಸೆರೆ, 10 ಲಕ್ಷ ಡಾಲರು ದಂಡವಾದೀತೆಂದು 2011ರ ಜುಲೈನಲ್ಲಿ ಸಾರಿತು. ಮರುವರ್ಷ 4 ಆರೋಪಗಳು 13 ಆದವು. ಎಲ್ಲವನ್ನೂ ಒಪ್ಪಿಕೊಂಡರೆ ಆರು ತಿಂಗಳ ಸೆರೆ ಸಾಕೆಂಬ ಸಂಧಾನ ಬಂತು. ಆರು ತಿಂಗಳಿಗೆ ತೀರುವ ತಪ್ಪಾದರೆ 35 ವರ್ಷದ ಗುಮ್ಮ ಏಕೆ? ಹೆದರಿಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕೆ!

ಆತ ಒತ್ತಲಿಲ್ಲ. ಮೊಕದ್ದಮೆ ತಲೆಯ ಮೇಲಿದ್ದಾಗಲೇ, ಅಂತರಜಾಲಕ್ಕೆ ಮೂಗುದಾರ ಹಾಕುವ ಸೋಪಾ ಮಸೂದೆಯ ವಿರುದ್ಧ ಜನರನ್ನು ಒಟ್ಟುಗೂಡಿಸಿದ. 2012ರ ಜನವರಿ 18ರಂದು ಸಾವಿರಾರು ಜಾಲತಾಣಗಳು ಬಾಗಿಲೆಳೆದವು. ಮಸೂದೆ ಮೂಲೆ ಸೇರಿತು.

2013ರ ಜನವರಿ 11ರಂದು, 26ರ ಪ್ರಾಯದಲ್ಲಿ, ಆತ ತನ್ನ ಪ್ರಾಣ ತಾನೇ ಕಳೆದುಕೊಂಡ. ಮೂರು ದಿನಗಳ ಮೇಲೆ ಸರ್ಕಾರ ಆರೋಪಗಳನ್ನು ಹಿಂತೆಗೆದುಕೊಂಡಿತು.

2022ರಲ್ಲಿ ಅದೇ ಸರ್ಕಾರ, ಸಾರ್ವಜನಿಕ ಹಣದ ಸಂಶೋಧನೆ ಪ್ರಕಟವಾದೊಡನೆ ಎಲ್ಲರಿಗೂ ಬಿಟ್ಟಿ ಸಿಗಬೇಕೆಂದು ತನ್ನ ಇಲಾಖೆಗಳಿಗೆ ನಿರ್ದೇಶಿಸಿತು. ಆದರೆ ಅವನನ್ನು ಹಣಿದ 1986ರ ಕಾಯಿದೆಯನ್ನು ಸಡಿಲಿಸಲು ಅವನ ಹೆಸರಿನಲ್ಲಿ ತಂದ ಮಸೂದೆ ಪಾಸಾಗಲಿಲ್ಲ. ಬೀಗ ಸಡಿಲವಾಯಿತು, ಬೆತ್ತ ಹಾಗೇ ಉಳಿಯಿತು.

ಬಂಧುಗಳೇ, ಒಂಟಿಯಾಗಿ ನಿಂತವನ ಮುಂದೆ ಆ ಕಾಗದ ಬಂದಾಗ ಅವನ ಪಕ್ಕದಲ್ಲಿ ಯಾರಿದ್ದಾರೆಂಬುದೇ ಪ್ರಶ್ನೆ. ಉತ್ತರ ನಮ್ಮದಾಗಬೇಕು.