ಬೆಕ್ಕು ತಿಣುಕುತ್ತಿದ್ದರೆ ಬೆಳಗಿಗೆ ಕಾಯಬೇಡಿ

ನಮ್ಮ ಮೈಲಾರಲಿಂಗನೇ ಖಂಡೋಬನಾಗಿ ನೆಲೆಸಿರುವ ಜೇಜುರಿಯಲ್ಲಿ ಸೋಮವತಿ ಅಮಾವಾಸ್ಯೆ ಎಂದರೆ ಊರು ತುಂಬ ಜನ, ಮನೆ ತುಂಬ ನೆಂಟರು. ಅಲ್ಲಿರುವ ನಮ್ಮ ಅಕ್ಕನ ಗಂಡು ಬೆಕ್ಕಿಗೆ ಪ್ರತಿ ಜಾತ್ರೆಯ ಗದ್ದಲದಲ್ಲೂ ಮೂತ್ರದ ತೊಂದರೆ. ಒಮ್ಮೆ ಎಷ್ಟು ತಿಣುಕಿದರೂ ಒಂದು ಹನಿ ಬರಲಿಲ್ಲ. "ಮಲಬದ್ಧತೆ ಇರಬೇಕು, ಬೆಳಿಗ್ಗೆ ನೋಡೋಣ" ಎಂದರು ಭಾವ. ಅಕ್ಕ ಕೇಳಲಿಲ್ಲ. ರಾತ್ರಿಯೇ ಸುಮಾರು 50 ಕಿಲೋಮೀಟರ್ ದೂರದ ಪುಣೆಗೆ ಕರೆತಂದಳು. ಬೆಕ್ಕು ಉಳಿಯಿತು.

ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳು, ಲೋಳೆ ಸೇರಿ ಅದು ಮುಚ್ಚಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ, ಒಂದೆರಡು ದಿನದಲ್ಲೇ ಹೃದಯ ನಿಲ್ಲಬಹುದು. ಮನೆಮದ್ದು ಮಾಡುತ್ತ ಕೂರಬೇಡಿ. ನಾವು ನುಂಗುವ ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷ.

ಈ ತೊಂದರೆ ಮರುಕಳಿಸಲು ಸೋಂಕೇ ಆಗಬೇಕೆಂದಿಲ್ಲ, ಗಾಬರಿಯೂ ಸಾಕು. ಎರಡು ಮೂರು ಕಡೆ ನೀರಿಡಿ. ಒಣ ತಿಂಡಿ ಕಡಿಮೆ ಮಾಡಿ, ನೀರಿನಂಶವಿರುವ ಆಹಾರ ಕೊಡಿ. ಮರಳಿನ ತಟ್ಟೆಯನ್ನು ದಿನವೂ ಶುಚಿ ಮಾಡಿ. ನೆಂಟರು ಬಂದಾಗ ಒಂದು ಕೋಣೆ ಅದಕ್ಕೇ ಬಿಟ್ಟುಕೊಡಿ.

ಖಂಡೋಬನ ಭಂಡಾರ ಹಣೆಗಿಟ್ಟುಕೊಳ್ಳಿ, ಹಾಗೇ ವೈದ್ಯರಲ್ಲಿಗೆ ಹೊರಡಿ.