ಕಮ್ಯೂನಿಸಮ್ಮೂ ರೈತನ ಕಣಜವೂ

ಉಳ್ಳವರು, ಇಲ್ಲದವರು ಎಂಬ ಭೇದವು ಅಳಿಯಬೇಕೆಂಬ ಕಮ್ಯೂನಿಸಮ್ಮಿನ ತತ್ತ್ವವು ಉದಾತ್ತವಾದುದು. ಅದು ಆಚರಣೆಯಲ್ಲಿ ನಿಲ್ಲಬಲ್ಲುದೇ ಎಂಬುದೇ ನಾವು ವಿಚಾರಮಾಡಬೇಕಾದ ಪ್ರಶ್ನೆ. ಇದಕ್ಕೆ ರಷ್ಯಾದೇಶದ ಅನುಭವವನ್ನು ನೋಡೋಣ.

1918ರ ಅನಂತರದ ಅಂತರ್ಯುದ್ಧದಲ್ಲಿ ಅಲ್ಲಿನ ಸರ್ಕಾರವು ರೈತರ ದವಸವನ್ನು ಬಲಾತ್ಕಾರದಿಂದ ವಶಪಡಿಸಿಕೊಂಡಿತು. ಬೆಳೆದದ್ದು ತನಗೆ ದಕ್ಕದೆಂದರಿತ ರೈತನು ಬಿತ್ತನೆಯನ್ನೇ ಕಡಮೆಮಾಡಿದನು. 1921ರ ಮಾರ್ಚಿಯಲ್ಲಿ ಲೆನಿನ್ನನು ನೀತಿಯನ್ನು ಬದಲಾಯಿಸಿದನು. ಗೊತ್ತಾದ ಪ್ರಮಾಣದ ಧಾನ್ಯವನ್ನು ತೆರಿಗೆಯಾಗಿ ಕೊಟ್ಟು, ಮಿಕ್ಕುದನ್ನು ರೈತನು ಮಾರಿಕೊಳ್ಳಬಹುದಾಯಿತು. ಆ ವರ್ಷದ ಅನಾವೃಷ್ಟಿಯಿಂದ ಘೋರ ಕ್ಷಾಮವು ತಪ್ಪಲಿಲ್ಲವಾದರೂ, ಮುಂದಿನ ಕೆಲವೇ ವರ್ಷಗಳಲ್ಲಿ ಬೇಸಾಯವು ಚೇತರಿಸಿಕೊಂಡಿತು. 1929ರಿಂದ ಸ್ಟಾಲಿನ್ನನು ಹೊಲಗಳನ್ನು ಬಲವಂತವಾಗಿ ಸಾಮೂಹಿಕ ಒಡೆತನಕ್ಕೆ ಸೇರಿಸಿ, ದವಸವನ್ನು ಮತ್ತೆ ಕಿತ್ತುಕೊಂಡನು. 1932-33ರಲ್ಲಿ ಹತ್ತಾರು ಲಕ್ಷ ಜನರು ಹಸಿವಿನಿಂದ ಮಡಿದರು.

ಹಾಗೆಂದು ಪೇಟೆಯೊಂದೇ ಸಾಕೆನ್ನಲಾದೀತೆ? 1933ರಲ್ಲಿ ಅಮೆರಿಕದ ದುಡಿಯುವ ಜನರಲ್ಲಿ ಸುಮಾರು ಕಾಲುಭಾಗದವರಿಗೆ ಕೆಲಸವಿರಲಿಲ್ಲ. ಯಾವ ಪದಾರ್ಥಕ್ಕೆ ಎಲ್ಲಿ ಅಭಾವವೆಂಬುದನ್ನು ಬೆಲೆಯು ಸಾವಿರ ಅಧಿಕಾರಿಗಳಿಗಿಂತ ಬೇಗ ತಿಳಿಸುತ್ತದೆ. ಆದರೆ ಕೈಯಲ್ಲಿ ಕಾಸಿಲ್ಲದವನ ಹಸಿವು ಅದಕ್ಕೆ ಕೇಳಿಸದು. ಆ ಹಸಿವನ್ನು ಕೇಳುವುದು ಸರ್ಕಾರದ ಧರ್ಮ. ಬಿತ್ತುವವನ ಆಸೆಯನ್ನು ಕಿತ್ತುಕೊಂಡು ಮಾತ್ರ ಅದನ್ನು ತಣಿಸಲಾಗದೆಂಬುದನ್ನು ನಾವು ಮರೆಯಬಾರದು.