ಕಟ್ಟುಮಸ್ತಾದ ಮೈ, ಕಾಣದ ಕೊಬ್ಬು



ಕನ್ನಡದಲ್ಲಿ ‘ಕೊಬ್ಬು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ‘ಅವನಿಗೆ ಬಹಳ ಕೊಬ್ಬು’ ಎಂದರೆ ಆ ಹುಡುಗ ದಪ್ಪಗಿದ್ದಾನೆಂದು ಯಾರೂ ತಿಳಿಯುವುದಿಲ್ಲ. ನಾನೀಗ ಹೇಳಹೊರಟಿರುವುದು ಮೈಮೇಲೆ ಕಾಣದ, ನಡತೆಯಲ್ಲೂ ತೋರದ ಮೂರನೆಯ ಕೊಬ್ಬಿನ ವಿಚಾರ: ರಕ್ತದಲ್ಲಿ ಹರಿಯುವ ಕೊಲೆಸ್ಟರಾಲ್. ಪಿತ್ತ ಮತ್ತು ಘನ ಎಂಬ ಅರ್ಥದ ಎರಡು ಗ್ರೀಕ್ ಶಬ್ದಗಳು ಕೂಡಿ ಈ ಹೆಸರಾಯಿತು. ಪಿತ್ತಕೋಶದ ಕಲ್ಲಿನಲ್ಲಿ ಅದು ಮೊದಲು ಸಿಕ್ಕಿತೆಂಬುದೇ ಕಾರಣ. ಅದು ಸ್ವತಃ ವಿಷವಲ್ಲ. ಜೀವಕೋಶದ ಪೊರೆಗೆ ಅದು ಬೇಕು. ಬಹುಪಾಲನ್ನು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆ. ಮಿತಿಮೀರಿದಾಗ ಮಾತ್ರ ಅದು ರಕ್ತನಾಳದ ಗೋಡೆಯಲ್ಲಿ ಬಿಡಾರ ಹೂಡುತ್ತದೆ.

ಇದು ಮುದುಕರ ಚಿಂತೆಯೆಂದು ತರುಣರು ತಿಳಿದಿದ್ದಾರೆ. ಕೊರಿಯಾ ಯುದ್ಧದಲ್ಲಿ ಮಡಿದ 300 ಮಂದಿ ಅಮೆರಿಕನ್ ಸೈನಿಕರ ಹೃದಯಗಳನ್ನು ವೈದ್ಯರು ಪರೀಕ್ಷಿಸಿ, 1953ರಲ್ಲಿ ವರದಿಯನ್ನು ಪ್ರಕಟಿಸಿದರು. ಅವರ ಸರಾಸರಿ ವಯಸ್ಸು ಸುಮಾರು 22. ಕವಾಯತು ಮಾಡಿ ಹುರಿಗೊಂಡ ಮೈಗಳವು. ಆದರೂ ನೂರಕ್ಕೆ 77 ಮಂದಿಯ ಹೃದಯದ ನಾಳಗಳಲ್ಲಿ ರೋಗದ ಗುರುತು ಕಂಡಿತು. ಗೋಡೆ ತುಸು ದಪ್ಪಗಟ್ಟಿದ್ದನ್ನೂ ಈ ಲೆಕ್ಕದಲ್ಲಿ ಹಿಡಿದಿದ್ದರೆಂಬುದನ್ನು ಮರೆಯಬಾರದು. ಹಾಗಿದ್ದರೂ ಬೀಜ ಮೊಳೆತದ್ದು ಯೌವನದಲ್ಲೇ ಎಂಬುದು ಸ್ಪಷ್ಟವಾಯಿತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದ 1,017 ತರುಣರ ರಕ್ತವನ್ನು ಪರೀಕ್ಷಿಸಿ, ಮುಂದೆ 27ರಿಂದ 42 ವರ್ಷಗಳವರೆಗೆ ಅವರ ಆರೋಗ್ಯವನ್ನು ಗಮನಿಸಲಾಯಿತು. 1993ರಲ್ಲಿ ಹೊರಬಂದ ಫಲಿತಾಂಶ ಇದು: ಇಪ್ಪತ್ತೆರಡರ ಸುಮಾರಿನಲ್ಲಿ ಕೊಲೆಸ್ಟರಾಲ್ ಹೆಚ್ಚಿದ್ದವರಿಗೆ ನಡುವಯಸ್ಸಿನಲ್ಲಿ ಹೃದಯರೋಗದ ಸಂಭವ ಹೆಚ್ಚು.

ಹಾಗಾದರೆ ವ್ಯಾಯಾಮದಿಂದ ಪ್ರಯೋಜನವಿಲ್ಲವೇ? ಖಂಡಿತ ಉಂಟು. ಆದರೆ ಅದು ಯಾವ ಕೆಲಸ ಮಾಡುತ್ತದೆಂಬುದನ್ನು ಬಿಡಿಸಿ ನೋಡಬೇಕು. ಕೊಲೆಸ್ಟರಾಲನ್ನು ಹೊತ್ತು ತಿರುಗುವ ವಾಹಕಗಳಲ್ಲಿ ಎಲ್.ಡಿ.ಎಲ್. ಎಂಬುದು ನಾಳಗಳಲ್ಲಿ ಅದನ್ನು ಇಳಿಸುತ್ತದೆ, ಎಚ್.ಡಿ.ಎಲ್. ಮರಳಿ ಯಕೃತ್ತಿಗೆ ಒಯ್ಯುತ್ತದೆ. ಬಿರುಸಾದ ನಡಿಗೆ, ಓಟ, ಈಜು ಇವುಗಳಿಂದ ಟ್ರೈಗ್ಲಿಸರೈಡ್ ಎಂಬ ಇನ್ನೊಂದು ಕೊಬ್ಬು ಇಳಿಯುತ್ತದೆ, ಎಚ್.ಡಿ.ಎಲ್. ಸ್ವಲ್ಪ ಏರುತ್ತದೆ. ಎಲ್.ಡಿ.ಎಲ್. ಮಾತ್ರ ವ್ಯಾಯಾಮವೊಂದಕ್ಕೇ ಅಷ್ಟಾಗಿ ಬಗ್ಗುವುದಿಲ್ಲ. ಬೆಣ್ಣೆ, ತುಪ್ಪ, ವನಸ್ಪತಿಗಳನ್ನು ತಗ್ಗಿಸಿದರೆ, ಮೈತೂಕವನ್ನೂ ಇಳಿಸಿದರೆ ಕೆಳಗಿಳಿಯುತ್ತದೆ. ಗರಡಿಮನೆಯಲ್ಲಿ ಸಾಮು ಮಾಡಿ ಬಂದು ಚೊಂಬುಗಟ್ಟಲೆ ಕೆನೆಹಾಲು ಕುಡಿಯುವ ಪೈಲ್ವಾನನು ಬಲಶಾಲಿಯೇನೋ ಹೌದು; ಅವನ ರಕ್ತದ ವಿಚಾರ ಬೇರೆ.

ತೂಕದ ವಿಷಯದಲ್ಲೂ ನಮ್ಮ ಜನಕ್ಕೊಂದು ವಿಶೇಷ ಎಚ್ಚರಿಕೆಯುಂಟು. ಕೈಕಾಲು ತೆಳ್ಳಗೆ, ಹೊಟ್ಟೆ ಮಾತ್ರ ಮುಂದೆ: ಇಂಥ ಆಕಾರ ನಮ್ಮಲ್ಲಿ ಸಾಮಾನ್ಯ. ತಕ್ಕಡಿ ಇದನ್ನು ಹೇಳುವುದಿಲ್ಲ, ಅಳತೆಪಟ್ಟಿ ಹೇಳುತ್ತದೆ. ಭಾರತೀಯ ಗಂಡಸಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ಮೀರಬಾರದೆಂದು ನಮ್ಮ ತಜ್ಞರು ಗೊತ್ತುಮಾಡಿದ್ದಾರೆ. ಮೊದಲ ಹೃದಯಾಘಾತವಾಗುವ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಉಳಿದವರಲ್ಲಿ 58ನ್ನು ದಾಟಿದ್ದು ಎಂದು 2007ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಹೇಳಿತು. ಆ ಐದಾರು ವರ್ಷಗಳೆಂದರೆ ಮಗಳ ಮದುವೆಯ, ಮಗನ ಓದಿನ ವರ್ಷಗಳು.

ಇಷ್ಟರ ಮೇಲೂ, ಸೊಂಟ ಸಣ್ಣದಿದ್ದು, ದಿನವೂ ಓಡುವ ಹುಡುಗನಲ್ಲಿ ಎಲ್.ಡಿ.ಎಲ್. ವಿಪರೀತವಾಗಿರುವುದುಂಟು. ಇದು ವಂಶಪಾರಂಪರ್ಯದ ದೋಷ. ಸುಮಾರು 250 ಮಂದಿಗೆ ಒಬ್ಬರಂತೆ ಕಾಣಿಸುತ್ತದೆ. ಇಲ್ಲಿ ಓಟವೂ ಪಥ್ಯವೂ ಸಾಲವು, ಔಷಧಿಯೇ ಬೇಕು. ತಂದೆಗೋ ಚಿಕ್ಕಪ್ಪನಿಗೋ ಸಣ್ಣ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ಮನೆಯ ಹುಡುಗರು ರಕ್ತಪರೀಕ್ಷೆಯನ್ನು ಮುಂದೂಡಬಾರದು. ಒಬ್ಬನಲ್ಲಿ ಈ ದೋಷ ಪತ್ತೆಯಾದರೆ ಅಣ್ಣತಮ್ಮಂದಿರನ್ನೂ ಅಕ್ಕತಂಗಿಯರನ್ನೂ ಪರೀಕ್ಷೆಗೆ ಕರೆದೊಯ್ಯಬೇಕು. ಅವರಲ್ಲಿ ಒಬ್ಬೊಬ್ಬರಿಗೂ ಅದು ಬಂದಿರುವ ಸಂಭವ ಅರ್ಧಕ್ಕರ್ಧ.